ಬೆಲ್ಲದ ಹದವೂ ದ್ರವ್ಯದ ಅವಸ್ಥಾಂತರವೂ

ದ್ರವ್ಯದ ಅವಸ್ಥಾಂತರಗಳಿಗೆ ಸಿಂಧಘಟ್ಟವನ್ನೊಳಗೊಂಡ ಮಂಡ್ಯದ ಸೀಮೆಯ ಆಲೆಮನೆಯು ಉತ್ತಮ ನಿದರ್ಶನವು. ಶುದ್ಧಜಲವು ಕುದಿಯುತ್ತಿರುವಷ್ಟು ಕಾಲವೂ ಅದರ ಉಷ್ಣತೆ ಏರದು. ಕೊಟ್ಟ ಶಾಖವೆಲ್ಲವೂ ಗುಪ್ತೋಷ್ಣವಾಗಿ ಆವಿಯನ್ನು ಸೇರುವುದು. ಕೊಪ್ಪರಿಗೆಯಲ್ಲಿನ ಕಬ್ಬಿನ ಹಾಲಾದರೋ ಸುಮಾರು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕುದಿಯತೊಡಗಿ, ನೀರು ಆವಿಯಾದಂತೆಲ್ಲ ಸಕ್ಕರೆಯ ಸಾಂದ್ರತೆ ಹೆಚ್ಚುವುದರಿಂದ, ಅದರ ಕುದಿಬಿಂದುವೂ ಮೇಲೇರುವುದು. ಸುಮಾರು 105 ಡಿಗ್ರಿಯಲ್ಲಿ ಇಳಿಸಿದರೆ ಜೋನಿಬೆಲ್ಲ. 118 ಡಿಗ್ರಿಯ ಸುಮಾರಿಗೆ ಇಳಿಸಿದರೆ ಅಚ್ಚುಬೆಲ್ಲ. ಆರುವಾಗ ಸಕ್ಕರೆಯು ಹರಳುಗಟ್ಟಿ ಪಾಕವು ಘನವಾಗುವುದು. ಮೊದಲೇ ಇಳಿಸಿದರೆ ಬೆಲ್ಲ ಕಟ್ಟದು, ತಡವಾದರೆ ಸೀಯುವುದು, ಕೊಪ್ಪರಿಗೆಯಷ್ಟೂ ನಷ್ಟವು. ಆದುದರಿಂದಲೇ ಪಾಕವನ್ನು ತಣ್ಣೀರಿಗೆ ಬಿಟ್ಟು, ಅದು ಉಂಡೆಗಟ್ಟುವುದನ್ನು ಪರೀಕ್ಷಿಸುವರು. ಉಷ್ಣತೆ, ಸಾಂದ್ರತೆಗಳೆರಡನ್ನೂ ಒಳಗೊಂಡ ‘ಹದ’ವೆಂಬ ಈ ನುಡಿಯು ಶಾಸ್ತ್ರಪರಿಭಾಷೆಯನ್ನು ರಚಿಸುವವರು ಕಡೆಗಣಿಸತಕ್ಕುದಲ್ಲ.