ಮಿದುಳಿನ ಸ್ಕ್ಯಾನ್ ನಾರ್ಮಲ್ ಬಂದರೆ ಸ್ಕಿಜೋಫ್ರೇನಿಯಾ ಇಲ್ಲ ಎಂದರ್ಥವೇ?

ನಂಬಿಕೆ: ಎಂಆರ್‌ಐ ಮಾಡಿಸಿದರೆ ಸ್ಕಿಜೋಫ್ರೇನಿಯಾ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಸತ್ಯಾಂಶ: ಇಲ್ಲ. ಈ ಕಾಯಿಲೆಯನ್ನು ಖಚಿತಪಡಿಸುವ ಸ್ಕ್ಯಾನ್ ಆಗಲಿ, ರಕ್ತಪರೀಕ್ಷೆಯಾಗಲಿ ಸದ್ಯಕ್ಕಿಲ್ಲ.

ಏನಿದು ಸ್ಕಿಜೋಫ್ರೇನಿಯಾ?

ಬೇರೆಯವರಿಗೆ ಕೇಳಿಸದ ದನಿಗಳು ಕೇಳಿಸುವುದು, ಯಾರೋ ತನಗೆ ಕೇಡು ಬಗೆಯುತ್ತಿದ್ದಾರೆ ಎಂಬ ಬಲವಾದ ಅನುಮಾನ, ಮಾತಿನ ಎಳೆ ತಪ್ಪುವುದು, ಎಲ್ಲರಿಂದ ದೂರವಾಗುವುದು ಇದರ ಮುಖ್ಯ ಲಕ್ಷಣಗಳು. ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ.

ಸಂಶೋಧಕರು ಸ್ಕ್ಯಾನ್‌ಗಳಲ್ಲಿ ಕಂಡಿದ್ದೇನು?

1976ರಲ್ಲಿ ಇಂಗ್ಲೆಂಡ್‌ನ ಈವ್ ಜಾನ್‌ಸ್ಟೋನ್ ಮತ್ತು ಸಂಗಡಿಗರು, ಬಹುಕಾಲದಿಂದ ಈ ಕಾಯಿಲೆ ಇದ್ದವರಿಗೆ ಸಿ.ಟಿ. ಸ್ಕ್ಯಾನ್ ಮಾಡಿದರು. ಮಿದುಳಿನೊಳಗೆ ದ್ರವ ತುಂಬಿರುವ ಕೋಣೆಗಳು ಅವರಲ್ಲಿ ದೊಡ್ಡದಾಗಿದ್ದವು. ಆದರೆ ಈ ಬದಲಾವಣೆ ಆರಂಭವಾದದ್ದು ಯಾವಾಗ?

ಉತ್ತರ ಹುಡುಕಲು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ತಂಡವೊಂದು, ಕಾಯಿಲೆ ಬರುವ ಅಪಾಯ ಹೆಚ್ಚಿದ್ದ 75 ಜನರಿಗೆ ಮೊದಲೇ ಎಂಆರ್‌ಐ ಮಾಡಿತು. ಅವರಲ್ಲಿ 23 ಜನರಿಗೆ ಮುಂದೆ ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಸ್ಥಿತಿ ಉಂಟಾಯಿತು. ಹೀಗಾದವರ ಮಿದುಳಿನ ಕೆಲವು ಭಾಗಗಳಲ್ಲಿ ಬೂದು ದ್ರವ್ಯ ಮೊದಲ ಸ್ಕ್ಯಾನ್‌ನಲ್ಲೇ ಉಳಿದವರಿಗಿಂತ ಕಡಿಮೆಯಿತ್ತು. ಮತ್ತೆ ಸ್ಕ್ಯಾನ್ ಮಾಡಿದಾಗ ಇನ್ನಷ್ಟು ಇಳಿದದ್ದು ಕಂಡಿತು. ಇದು 2003ರಲ್ಲಿ ಪ್ರಕಟವಾಯಿತು.

ಔಷಧಿಯಿಂದಲೂ ಮಿದುಳಿನ ಗಾತ್ರದಲ್ಲಿ ಸಣ್ಣ ವ್ಯತ್ಯಾಸ ಆಗಬಹುದು. ಹಾಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ಹಲವೆಡೆ, ಇನ್ನೂ ಔಷಧಿ ಶುರು ಮಾಡದ ರೋಗಿಗಳ ಮಿದುಳನ್ನೂ ಅಧ್ಯಯನ ಮಾಡಿದ್ದಾರೆ.

ಹಾಗಾದರೆ ಸ್ಕ್ಯಾನ್ ನೋಡಿ ಹೇಳಲು ಏಕಾಗದು?

ಇವೆಲ್ಲ ಗುಂಪಿನ ಸರಾಸರಿ ಲೆಕ್ಕ. ಹುಡುಗರ ಸರಾಸರಿ ಎತ್ತರ ಹುಡುಗಿಯರಿಗಿಂತ ಹೆಚ್ಚು. ಹಾಗೆಂದು ‘ಎತ್ತರ 5 ಅಡಿ 5 ಇಂಚು’ ಎಂದಷ್ಟೇ ಹೇಳಿದರೆ ಅದು ಹುಡುಗನೋ ಹುಡುಗಿಯೋ ಹೇಳಲಾದೀತೇ? ಮಿದುಳಿನ ಅಳತೆಯೂ ಹಾಗೆಯೇ. ಕಾಯಿಲೆ ಇರುವ ಹಲವರ ಸ್ಕ್ಯಾನ್ ಆರೋಗ್ಯವಂತರದ್ದರಂತೆಯೇ ಇರುತ್ತದೆ.

ಮತ್ತೆ ವೈದ್ಯರು ಸ್ಕ್ಯಾನ್ ಬರೆದುಕೊಡುವುದೇಕೆ?

ಗೆಡ್ಡೆ, ಮಿದುಳಿನ ಸೋಂಕು, ಪೆಟ್ಟು ಮುಂತಾದವುಗಳಿಂದಲೂ ಇಂಥ ಲಕ್ಷಣಗಳು ಬರಬಹುದು. ಅವು ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಸ್ಕಿಜೋಫ್ರೇನಿಯಾವನ್ನು ಮನೋವೈದ್ಯರು ಗುರುತಿಸುವುದು ರೋಗಿಯ ಜೊತೆ, ಮನೆಯವರ ಜೊತೆ ಮಾತನಾಡಿ, ಲಕ್ಷಣಗಳು ಎಷ್ಟು ಕಾಲದಿಂದ ಇವೆ ಎಂದು ನೋಡಿ.

ನೆನಪಿಡಿ

‘ರಿಪೋರ್ಟ್ ನಾರ್ಮಲ್ ಇದೆ, ಇವನದ್ದು ಬರೀ ನಾಟಕ’ ಎಂದು ಸುಮ್ಮನಾಗಬೇಡಿ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ಈಗಾಗಲೇ ಔಷಧಿ ತೆಗೆದುಕೊಳ್ಳುತ್ತಿರುವವರು ಸ್ಕ್ಯಾನ್ ಚೆನ್ನಾಗಿದೆ ಎಂದು ತಾವಾಗಿಯೇ ನಿಲ್ಲಿಸಬಾರದು. ಯಾರನ್ನು ಕೇಳುವುದೆಂದು ತಿಳಿಯದಿದ್ದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಫಾರ್ವರ್ಡ್ ಮಾಡುವುದಿದ್ದರೆ ಈ ಸಂಖ್ಯೆಯನ್ನು ಮಾಡಿ.