ಬೆಂಕಿ ಬಿದ್ದಾಗ ತೋಡಿದ ಬಾವಿ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಹೊರಟವನನ್ನು ನಮ್ಮ ಹಿರಿಯರು ಗೇಲಿ ಮಾಡಿದ್ದಾರೆ. ಆದರೆ ಹಾಗೆ ತೋಡಿದ ಬಾವಿಯಲ್ಲಿ ನೀರು ಸಿಕ್ಕಿದ ಮೇಲೆ, ಬೆಂಕಿ ಆರಿತೆಂದು ಅದನ್ನು ಮುಚ್ಚುವವನಿಗೆ ಏನೆನ್ನಬೇಕು? ನಮ್ಮ ಜಿಲ್ಲೆಯ ಆಸ್ಪತ್ರೆಗಳ ವಿಚಾರದಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕಾಗಿದೆ.

ಮುಳ್ಳೇರಿಯ, ಬದಿಯಡ್ಕ, ಪೆರ್ಲದ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು ಎಂಬುದೇ ರೂಢಿ. ಅಲ್ಲಿ ಭಾಷೆಯ ತೊಡಕೂ ಇಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಭಯದಿಂದ ಕರ್ನಾಟಕವು ತಲಪಾಡಿ ಮೊದಲಾದ ಗಡಿದಾರಿಗಳನ್ನು ಮುಚ್ಚಿದಾಗ ಈ ರೂಢಿ ಒಮ್ಮೆಲೇ ಕಡಿದುಬಿತ್ತು. ಕೊರೋನಾ ತಗಲದೆ, ಬೇರೆ ಕಾಯಿಲೆಗಳಿಗೆ ಮಂಗಳೂರು ತಲಪಲಾರದೆ ಜೀವ ಬಿಟ್ಟವರು ನಮ್ಮಲ್ಲಿದ್ದಾರೆ.

ಆ ಸಂಕಟದಲ್ಲಿ ಎರಡು ಆಸ್ಪತ್ರೆಗಳು ಎದ್ದವು. ಬದಿಯಡ್ಕದಿಂದಾಚೆ ಪೆರ್ಲದ ದಾರಿಯಲ್ಲಿರುವ ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರಲ್ಲಿ. ವರ್ಷಗಟ್ಟಲೆ ಕುಂಟುತ್ತಿದ್ದ ಆ ಕಟ್ಟಡವನ್ನು ಕೆಲವೇ ದಿನಗಳಲ್ಲಿ ಸಜ್ಜುಗೊಳಿಸಿ, 2020ರ ಏಪ್ರಿಲ್‌ನಲ್ಲಿ ತಿರುವನಂತಪುರದಿಂದ ವೈದ್ಯರ ತಂಡವನ್ನು ಕರೆಸಿ ಕೊರೋನಾ ಆಸ್ಪತ್ರೆಯಾಗಿ ತೆರೆದರು. ಇನ್ನೊಂದು, ತೆಕ್ಕಿಲ್‌ನಲ್ಲಿ ಟಾಟಾ ಸಂಸ್ಥೆಯವರು ಕಂಟೈನರ್‌ಗಳನ್ನು ಜೋಡಿಸಿ ಕಟ್ಟಿ, ಅದೇ ಸೆಪ್ಟೆಂಬರ್‌ನಲ್ಲಿ ಸರಕಾರಕ್ಕೆ ಒಪ್ಪಿಸಿದ, ಐನೂರಕ್ಕೂ ಮಿಕ್ಕಿದ ಹಾಸಿಗೆಗಳ ಆಸ್ಪತ್ರೆ.

ರೋಗ ಇಳಿದ ಮೇಲೆ ಇವೆರಡರ ಹಣೆಬರಹ ಬೇರೆಯಾಯಿತು. ತೆಕ್ಕಿಲ್‌ನ ಸಿಬ್ಬಂದಿ ಬೇರೆಡೆಗೆ ಹೋದರು, ಆಸ್ಪತ್ರೆ ಮುಚ್ಚಿತು. ಉಕ್ಕಿನಡ್ಕದಲ್ಲಿ 2022ರ ಜನವರಿಯಲ್ಲಿ ಹೊರರೋಗಿ ವಿಭಾಗ ತೆರೆಯಿತು. 2025ರಲ್ಲಿ 50 ಎಂಬಿಬಿಎಸ್ ಸೀಟುಗಳಿಗೆ ಅನುಮತಿಯೂ ದೊರೆಯಿತು.

ಇದರಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಹಾಸಿಗೆ, ಯಂತ್ರಗಳು ಭಯದ ದಿನಗಳಲ್ಲಿ ಬೇಗನೆ ಬರುತ್ತವೆ. ಎರವಲು ಬಂದ ವೈದ್ಯರು ಭಯ ತೀರಿದೊಡನೆ ಮರಳುತ್ತಾರೆ. ಉಳಿಯುವುದು ಖಾಯಂ ಹುದ್ದೆ ಮಾತ್ರ. ಕಾಲೇಜಿನಲ್ಲಿ ಪಾಠ ನಡೆಯಬೇಕಾದರೆ ಇಷ್ಟು ವೈದ್ಯರು, ಇಷ್ಟು ಹಾಸಿಗೆಗಳು ಇರಲೇಬೇಕೆಂಬ ನಿಯಮವಿದೆ. ಭಯ ಮರೆತರೂ ನಿಯಮ ಮರೆಯುವುದಿಲ್ಲ. ಎಂಡೋಸಲ್ಫಾನ್ ಬಾಧಿತ ಹಳ್ಳಿಗಳಿಗೆ ಬಂದು ಹೋದ ವೈದ್ಯಕೀಯ ಶಿಬಿರಗಳನ್ನು ಕಂಡ ನಮಗೆ, ಶಿಬಿರಕ್ಕೂ ಆಸ್ಪತ್ರೆಗೂ ಇರುವ ಅಂತರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದುದರಿಂದ ಗ್ರಾಮಸಭೆಯಲ್ಲಿ ನಾವು ಹೊಸ ಕಟ್ಟಡವನ್ನಷ್ಟೇ ಕೇಳಿದರೆ ಸಾಲದು. ಎಷ್ಟು ಹುದ್ದೆಗಳು ಮಂಜೂರಾಗಿವೆ, ಎಷ್ಟು ತುಂಬಿವೆ, ರಾತ್ರಿ ಹೃದಯಾಘಾತವಾದರೆ ನೋಡುವವರು ಯಾರು ಎಂದು ಕೇಳಬೇಕು. ಎದೆನೋವನ್ನು ಕನ್ನಡದಲ್ಲಿ ಹೇಳಿಕೊಂಡ ಅಜ್ಜಿಯ ಮಾತು ತಿಳಿಯುವವರೊಬ್ಬರು ಚೀಟಿ ಕೊಡುವಲ್ಲಿ ಇರಬೇಕೆಂದೂ ಕೇಳಬೇಕು. ಗಡಿ ಇನ್ನೊಮ್ಮೆ ಮುಚ್ಚುವ ಮೊದಲೇ ಕೇಳುವುದು ಲೇಸು.