ಕ್ಲೌಡ್ ಸರ್ವರ್‌ಗಳ ಕಾರ್ಯಕ್ಷಮತೆಯ ಮೌಲ್ಯಮಾಪನ

ಕ್ಲೌಡ್ ಸರ್ವರ್‌ಗಳ ಕಾರ್ಯಕ್ಷಮತೆಯ ಮೌಲ್ಯಮಾಪನ ಎಂದರೆ ಅಂತರಜಾಲದ ಮೂಲಕ ಬಾಡಿಗೆಗೆ ದೊರೆಯುವ ಸರ್ವರ್‌ಗಳ ವೇಗ, ಸ್ಥಿರತೆ, ಲಭ್ಯತೆ ಮತ್ತು ವೆಚ್ಚಗಳನ್ನು ಅಳೆದು, ಒಂದು ನಿರ್ದಿಷ್ಟ ಕೆಲಸಕ್ಕೆ ಅವು ಎಷ್ಟರಮಟ್ಟಿಗೆ ಸೂಕ್ತವೆಂದು ನಿರ್ಧರಿಸುವ ಪ್ರಕ್ರಿಯೆ. ಸ್ವಂತ ಕಂಪ್ಯೂಟರನ್ನು ಕೊಳ್ಳುವಾಗ ಪ್ರೊಸೆಸರ್ ಮತ್ತು ಮೆಮೊರಿಯ ವಿವರಗಳಿಂದಲೇ ಅದರ ಸಾಮರ್ಥ್ಯವನ್ನು ಬಹುಮಟ್ಟಿಗೆ ಊಹಿಸಬಹುದು. ಕ್ಲೌಡ್ ಸರ್ವರ್ ಸಾಮಾನ್ಯವಾಗಿ ಅನೇಕ ಗ್ರಾಹಕರು ಹಂಚಿಕೊಂಡ ಯಂತ್ರದ ಒಂದು ಪಾಲು ಮಾತ್ರವಾಗಿರುತ್ತದೆ. ಆದ್ದರಿಂದ ಅದರ ವೇಗವು ಹೊತ್ತಿನಿಂದ ಹೊತ್ತಿಗೆ ಬದಲಾಗಬಹುದು; ಕೆಲವೇ ನಿಮಿಷಗಳ ಒಂದು ಪರೀಕ್ಷೆಯಿಂದ ಪಡೆದ ಅಂಕಿ ಅಂಶ ದಾರಿ ತಪ್ಪಿಸಬಲ್ಲದು.

ಹಿನ್ನೆಲೆ

ಅಮೆಜಾನ್ ಸಂಸ್ಥೆಯು 2006ರ ಆಗಸ್ಟ್‌ನಲ್ಲಿ ಇಸಿ2 ಎಂಬ ಸೇವೆಯನ್ನು ಪ್ರಾಯೋಗಿಕವಾಗಿ ಆರಂಭಿಸಿ, ವರ್ಚುವಲ್ ಸರ್ವರ್‌ಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ನೀಡತೊಡಗಿತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ 2011ರಲ್ಲಿ ಪ್ರಕಟಿಸಿದ ವ್ಯಾಖ್ಯೆಯು ಕ್ಲೌಡ್ ಕಂಪ್ಯೂಟಿಂಗ್‌ನ ಐದು ಮುಖ್ಯ ಲಕ್ಷಣಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಒಂದು, ಸಂಪನ್ಮೂಲಗಳನ್ನು ಒಟ್ಟುಗೂಡಿಸಿ ಹಲವು ಗ್ರಾಹಕರಿಗೆ ಹಂಚುವುದು. ಕ್ಲೌಡ್ ಸೇವೆ ಅಗ್ಗವಾಗಲು ಕಾರಣವಾದ ಈ ಲಕ್ಷಣವೇ ಅದರ ವೇಗದ ಏರಿಳಿತಕ್ಕೂ ಒಂದು ಮುಖ್ಯ ಕಾರಣ.

ಭಾರತದಲ್ಲಿ ಮೈಕ್ರೋಸಾಫ್ಟ್ 2015ರಲ್ಲಿ ತನ್ನ ಅಜೂರ್ ಸೇವೆಯ ಕೇಂದ್ರಗಳನ್ನು ತೆರೆಯಿತು. 2016ರಲ್ಲಿ ಅಮೆಜಾನ್ ಮುಂಬೈಯಲ್ಲಿ, ಡಿಜಿಟಲ್‌ಓಷನ್ ಬೆಂಗಳೂರಿನಲ್ಲಿ, 2017ರಲ್ಲಿ ಗೂಗಲ್ ಮುಂಬೈಯಲ್ಲಿ ಸೇವಾ ವಲಯಗಳನ್ನು ಸ್ಥಾಪಿಸಿದವು.

ಅಳೆಯಬೇಕಾದ ಅಂಶಗಳು

ಪ್ರೊಸೆಸರ್

ಪೂರೈಕೆದಾರರು ಪ್ರೊಸೆಸರ್ ಸಾಮರ್ಥ್ಯವನ್ನು ವಿಸಿಪಿಯು ಎಂಬ ಏಕಮಾನದಲ್ಲಿ ಸೂಚಿಸುತ್ತಾರೆ. ಇಂಟೆಲ್ ಪ್ರೊಸೆಸರ್‌ಗಳ ಮೇಲೆ ನಡೆಯುವ ಹೆಚ್ಚಿನ ಸೇವೆಗಳಲ್ಲಿ ಒಂದು ವಿಸಿಪಿಯು ಎಂದರೆ ಪೂರ್ಣ ಕೋರ್ ಅಲ್ಲ, ಅದರ ಎರಡು ಥ್ರೆಡ್‌ಗಳಲ್ಲಿ ಒಂದು. ಹೀಗಾಗಿ ವಿಸಿಪಿಯುಗಳ ಸಂಖ್ಯೆ ಒಂದೇ ಆಗಿದ್ದರೂ ಎರಡು ಸೇವೆಗಳ ವೇಗ ಒಂದೇ ಆಗಿರಬೇಕೆಂದಿಲ್ಲ. ಲಿನಕ್ಸ್ ವ್ಯವಸ್ಥೆಯು 'ಸ್ಟೀಲ್ ಟೈಮ್' ಎಂಬ ಅಂಕಿಯನ್ನು ತೋರಿಸುತ್ತದೆ. ವರ್ಚುವಲ್ ಯಂತ್ರಕ್ಕೆ ಕೆಲಸವಿದ್ದರೂ ಭೌತಿಕ ಪ್ರೊಸೆಸರ್ ದೊರೆಯದೆ ಅದು ಕಾದ ಸಮಯದ ಪ್ರಮಾಣವಿದು. ಈ ಅಂಕಿ ನಿರಂತರವಾಗಿ ಹೆಚ್ಚಿದ್ದರೆ ಯಂತ್ರವನ್ನು ಹಂಚಿಕೊಂಡ ಇತರರ ಹೊರೆ ಅಥವಾ ಪೂರೈಕೆದಾರರು ವಿಧಿಸಿದ ಮಿತಿ ಕಾರಣವಾಗಿರಬಹುದು.

ಕಡಿಮೆ ಬೆಲೆಯ ಕೆಲವು ಸರ್ವರ್‌ಗಳು 'ಕ್ರೆಡಿಟ್' ಪದ್ಧತಿಯಲ್ಲಿ ನಡೆಯುತ್ತವೆ. ಉದಾಹರಣೆಗೆ, ಅಮೆಜಾನ್‌ನ ಟಿ2.ಮೈಕ್ರೋ ಸರ್ವರ್ ಗಂಟೆಗೆ 6 ಕ್ರೆಡಿಟ್ ಗಳಿಸುತ್ತದೆ. ಒಂದು ಕ್ರೆಡಿಟ್ ಎಂದರೆ ಒಂದು ವಿಸಿಪಿಯು ಒಂದು ನಿಮಿಷ ಪೂರ್ಣ ವೇಗದಲ್ಲಿ ಓಡುವ ಅವಕಾಶ. ಸಾಮಾನ್ಯ ವಿಧಾನದಲ್ಲಿ ಆರಂಭಿಸಿದ ಹೊಸ ಸರ್ವರ್‌ಗೆ 30 ಕ್ರೆಡಿಟ್‌ಗಳು ಮೊದಲೇ ದೊರೆಯುತ್ತವೆ. ಅವು ಮುಗಿದ ಬಳಿಕ ವೇಗವು ಪೂರ್ಣ ಸಾಮರ್ಥ್ಯದ ಶೇಕಡ 10ಕ್ಕೆ ಇಳಿಯುತ್ತದೆ. ಮೊದಲ ಹತ್ತು ನಿಮಿಷ ಮಾತ್ರ ಪರೀಕ್ಷಿಸಿದವರಿಗೆ ಈ ಇಳಿಕೆ ಕಾಣುವುದೇ ಇಲ್ಲ.

ಡಿಸ್ಕ್

ಡಿಸ್ಕ್‌ನ ಕಾರ್ಯಕ್ಷಮತೆಯನ್ನು ಸೆಕೆಂಡಿಗೆ ನಡೆಯುವ ಓದು-ಬರಹಗಳ ಸಂಖ್ಯೆ, ಸೆಕೆಂಡಿಗೆ ಸಾಗುವ ದತ್ತಾಂಶದ ಪ್ರಮಾಣ ಮತ್ತು ಪ್ರತಿ ಓದು-ಬರಹದ ವಿಳಂಬ ಎಂಬ ಮೂರು ಅಳತೆಗಳಿಂದ ತಿಳಿಯಲಾಗುತ್ತದೆ. ಇಲ್ಲಿಯೂ ಕ್ರೆಡಿಟ್ ಪದ್ಧತಿ ಉಂಟು. ಅಮೆಜಾನ್‌ನ ಜಿಪಿ2 ಡಿಸ್ಕ್‌ಗಳಲ್ಲಿ ಸಣ್ಣವು 54 ಲಕ್ಷ ಕ್ರೆಡಿಟ್‌ಗಳೊಂದಿಗೆ ಆರಂಭವಾಗುತ್ತವೆ. ಸೆಕೆಂಡಿಗೆ 3,000 ಓದು-ಬರಹಗಳಂತೆ ಬಳಸಿದರೆ ಅವು ಸುಮಾರು ಅರ್ಧ ಗಂಟೆಯಲ್ಲಿ ತೀರಿಹೋಗುತ್ತವೆ. ಆಮೇಲೆ ವೇಗವು ಡಿಸ್ಕ್‌ನ ಗಾತ್ರಕ್ಕೆ ತಕ್ಕ ಮೂಲ ಮಟ್ಟಕ್ಕೆ ಇಳಿಯುತ್ತದೆ. 100 ಗಿಗಾಬೈಟ್ ಡಿಸ್ಕ್‌ಗೆ ಈ ಮಟ್ಟ ಸೆಕೆಂಡಿಗೆ 300 ಮಾತ್ರ.

ಜಾಲ

ಜಾಲದ ವಿಳಂಬಕ್ಕೆ ದೂರವೇ ಮೂಲ ಕಾರಣ. ಆಪ್ಟಿಕಲ್ ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಬೆಂಗಳೂರಿನಿಂದ ಮುಂಬೈಗೆ ನೇರ ದೂರ ಸುಮಾರು 850 ಕಿಲೋಮೀಟರ್ ಆಗಿರುವುದರಿಂದ, ಹೋಗಿ ಬರಲು ಕನಿಷ್ಠ 8.5 ಮಿಲಿಸೆಕೆಂಡ್ ಬೇಕು. ಅಮೆರಿಕದ ವರ್ಜೀನಿಯಾದಲ್ಲಿರುವ ಸರ್ವರ್ 13,000 ಕಿಲೋಮೀಟರ್‌ಗಿಂತ ದೂರದಲ್ಲಿದ್ದು, 130 ಮಿಲಿಸೆಕೆಂಡ್‌ಗಿಂತ ಬೇಗ ಅಲ್ಲಿಂದ ಉತ್ತರ ಬರಲು ಸಾಧ್ಯವಿಲ್ಲ. ಕೇಬಲ್‌ಗಳು ನೇರ ರೇಖೆಯಲ್ಲಿ ಸಾಗದ ಕಾರಣ ನಿಜವಾದ ವಿಳಂಬ ಇನ್ನೂ ಹೆಚ್ಚು. ಎಷ್ಟೇ ವೇಗದ ಪ್ರೊಸೆಸರ್ ಕೂಡ ಈ ಅಂತರವನ್ನು ತುಂಬಲಾರದು. ಆದ್ದರಿಂದ ಬಳಕೆದಾರರು ಎಲ್ಲಿದ್ದಾರೋ ಅಲ್ಲಿಂದಲೇ ವಿಳಂಬವನ್ನು ಅಳೆಯಬೇಕಾಗುತ್ತದೆ.

ಸರಾಸರಿ ಮತ್ತು ಪರ್ಸೆಂಟೈಲ್

ಪ್ರತಿಕ್ರಿಯಾ ಸಮಯದ ಸರಾಸರಿಯು ಬಳಕೆದಾರರ ಅನುಭವವನ್ನು ಮರೆಮಾಚಬಲ್ಲದು. ನೂರು ಕೋರಿಕೆಗಳಲ್ಲಿ 99ಕ್ಕೆ 10 ಮಿಲಿಸೆಕೆಂಡ್‌ನಲ್ಲಿ, ಒಂದಕ್ಕೆ ಒಂದು ಸೆಕೆಂಡ್‌ನಲ್ಲಿ ಉತ್ತರ ಬಂದರೆ ಸರಾಸರಿ ಸುಮಾರು 20 ಮಿಲಿಸೆಕೆಂಡ್ ಮಾತ್ರ. ಆದರೆ ಒಂದು ಪುಟವನ್ನು ಸಿದ್ಧಪಡಿಸಲು ಇಂತಹ 100 ಸರ್ವರ್‌ಗಳಿಂದ ಮಾಹಿತಿ ಬೇಕಾದರೆ, ಶೇಕಡ 63ರಷ್ಟು ಪುಟಗಳು ಕನಿಷ್ಠ ಒಂದು ನಿಧಾನ ಉತ್ತರಕ್ಕಾಗಿ ಕಾಯಬೇಕಾಗುತ್ತದೆ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಆಂಡ್ರೆ ಬರೋಸೊ 2013ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಲೆಕ್ಕಾಚಾರವನ್ನು ಪ್ರಸಿದ್ಧಿಗೆ ತಂದಿತು. ಆದ್ದರಿಂದ ಸರಾಸರಿಯ ಜೊತೆಗೆ 50, 95 ಮತ್ತು 99ನೆಯ ಪರ್ಸೆಂಟೈಲ್‌ಗಳನ್ನೂ ದಾಖಲಿಸುವುದು ರೂಢಿ.

ಪರೀಕ್ಷಿಸುವ ತಂತ್ರಾಂಶವೂ ತಪ್ಪು ಚಿತ್ರ ನೀಡಬಹುದು. ಹಿಂದಿನ ಉತ್ತರ ಬಂದ ನಂತರವೇ ಮುಂದಿನ ಕೋರಿಕೆ ಕಳುಹಿಸುವ ತಂತ್ರಾಂಶವು, ಸರ್ವರ್ 10 ಸೆಕೆಂಡ್ ಸ್ತಬ್ಧವಾದರೆ ಒಂದೇ ಒಂದು ನಿಧಾನ ಕೋರಿಕೆಯನ್ನು ದಾಖಲಿಸುತ್ತದೆ. ವಾಸ್ತವದಲ್ಲಿ ಸೆಕೆಂಡಿಗೆ 50 ಜನ ಬರುತ್ತಿದ್ದರೆ ಅಷ್ಟರಲ್ಲಿ 500 ಜನ ಕಾದಿರುತ್ತಾರೆ. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನದಂತಹ ಹಠಾತ್ ಹೊರೆಯನ್ನು ಅಂದಾಜಿಸುವಾಗ ಈ ವ್ಯತ್ಯಾಸ ನಿರ್ಣಾಯಕವಾಗುತ್ತದೆ.

ಪ್ರಮುಖ ಪರೀಕ್ಷಾ ಸಾಧನಗಳು

• ವೈಸಿಎಸ್‌ಬಿ: ಯಾಹೂ ಸಂಸ್ಥೆಯ ಸಂಶೋಧಕರು 2010ರಲ್ಲಿ ಪ್ರಕಟಿಸಿದ, ದತ್ತಸಂಚಯಗಳನ್ನು ಪರೀಕ್ಷಿಸುವ ಸಾಧನ.
• ಪರ್ಫ್‌ಕಿಟ್ ಬೆಂಚ್‌ಮಾರ್ಕರ್: ಗೂಗಲ್ 2015ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಿದ್ದು, ಹಲವು ಪೂರೈಕೆದಾರರಲ್ಲಿ ಒಂದೇ ಪರೀಕ್ಷೆಯನ್ನು ನಡೆಸಲು ನೆರವಾಗುತ್ತದೆ.
• ಸ್ಪೆಕ್ ಕ್ಲೌಡ್ ಐಎಎಎಸ್: ಸ್ಪೆಕ್ ಒಕ್ಕೂಟವು 2016ರಲ್ಲಿ ಹೊರತಂದ ಮಾನದಂಡ ಪರೀಕ್ಷೆ.
• ಎಫ್‌ಐಒ, ಐಪರ್ಫ್ ಮತ್ತು ಸಿಸ್‌ಬೆಂಚ್: ಕ್ರಮವಾಗಿ ಡಿಸ್ಕ್, ಜಾಲ ಹಾಗೂ ಪ್ರೊಸೆಸರ್ ಮತ್ತು ದತ್ತಸಂಚಯಗಳ ಪರೀಕ್ಷೆಗೆ ಬಳಕೆಯಲ್ಲಿರುವ ಮುಕ್ತ ತಂತ್ರಾಂಶಗಳು.

ಲಭ್ಯತೆ ಮತ್ತು ಸೇವಾ ಒಪ್ಪಂದ

ಪೂರೈಕೆದಾರರು ಸೇವೆಯ ಲಭ್ಯತೆಯನ್ನು ಶೇಕಡಾವಾರು ಭರವಸೆಯಾಗಿ ನೀಡುತ್ತಾರೆ. ಈ ಅಂಕಿಗಳು ಪರಸ್ಪರ ಹತ್ತಿರದಲ್ಲಿದ್ದಂತೆ ತೋರಿದರೂ ಅವುಗಳ ಪರಿಣಾಮ ಬಹಳ ಭಿನ್ನ. 30 ದಿನಗಳ ತಿಂಗಳಿನಲ್ಲಿ ಅನುಮತಿಸಲಾಗುವ ಸ್ಥಗಿತದ ಅವಧಿ ಹೀಗಿದೆ:

• ಶೇಕಡ 99.5: 3 ಗಂಟೆ 36 ನಿಮಿಷ
• ಶೇಕಡ 99.9: ಸುಮಾರು 43 ನಿಮಿಷ
• ಶೇಕಡ 99.99: ಸುಮಾರು 4 ನಿಮಿಷ 19 ಸೆಕೆಂಡ್

ಭರವಸೆ ತಪ್ಪಿದಾಗ ದೊರೆಯುವ ಪರಿಹಾರವು ಸಾಮಾನ್ಯವಾಗಿ ಬಿಲ್ಲಿನಲ್ಲಿ ನೀಡುವ ರಿಯಾಯಿತಿಯಷ್ಟೇ; ಗ್ರಾಹಕರ ವ್ಯಾಪಾರದಲ್ಲಾದ ನಷ್ಟವನ್ನು ಅದು ತುಂಬುವುದಿಲ್ಲ.

ಪೂರೈಕೆದಾರರು ಪ್ರಕಟಿಸುವ ಸ್ಥಿತಿ ಫಲಕವೊಂದನ್ನೇ ನಂಬುವುದೂ ಸಾಲದು. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಉತ್ತರ ವರ್ಜೀನಿಯಾ ವಲಯದಲ್ಲಿ ಸಿಬ್ಬಂದಿಯೊಬ್ಬರು ಆಜ್ಞೆಯೊಂದನ್ನು ತಪ್ಪಾಗಿ ನಮೂದಿಸಿದ್ದರಿಂದ ಉದ್ದೇಶಕ್ಕಿಂತ ಹೆಚ್ಚು ಸರ್ವರ್‌ಗಳು ಸ್ಥಗಿತಗೊಂಡು, ಎಸ್3 ಸಂಗ್ರಹ ಸೇವೆಗೆ ಸುಮಾರು ನಾಲ್ಕು ಗಂಟೆ ಅಡ್ಡಿಯಾಯಿತು. ಸ್ಥಿತಿ ಫಲಕದ ನಿರ್ವಹಣೆಯೂ ಅದೇ ಸೇವೆಯನ್ನು ಅವಲಂಬಿಸಿದ್ದ ಕಾರಣ, ಆರಂಭದಲ್ಲಿ ಫಲಕದ ಮಾಹಿತಿಯನ್ನು ಪರಿಷ್ಕರಿಸಲು ಆಗಲಿಲ್ಲ. ಹೀಗಾಗಿ ಸೇವೆಯ ಮೇಲಿನ ನಿಗಾ ವ್ಯವಸ್ಥೆಯನ್ನು ಬೇರೊಂದು ಜಾಲದಲ್ಲಿ ಇರಿಸುವುದು ಉಚಿತವೆಂದು ಪರಿಗಣಿಸಲಾಗುತ್ತದೆ.

ಮೌಲ್ಯಮಾಪನದ ಕ್ರಮ

ಮೊದಲು ಕೆಲಸದ ಸ್ವರೂಪವನ್ನು ಗುರುತಿಸಲಾಗುತ್ತದೆ. ಸುದ್ದಿ ತಾಣಕ್ಕೆ ಜಾಲದ ವಿಳಂಬ ಮುಖ್ಯವಾದರೆ, ಲೆಕ್ಕಪತ್ರದ ದತ್ತಸಂಚಯಕ್ಕೆ ಡಿಸ್ಕ್‌ನ ವೇಗ ಮುಖ್ಯವಾಗಬಹುದು. ನಂತರ ಒಂದೇ ವಲಯ, ಒಂದೇ ಕಾರ್ಯಾಚರಣಾ ವ್ಯವಸ್ಥೆ ಹಾಗೂ ಒಂದೇ ತಂತ್ರಾಂಶ ಆವೃತ್ತಿಗಳೊಂದಿಗೆ ಹಲವು ಸರ್ವರ್‌ಗಳನ್ನು ಆರಂಭಿಸಿ, ದಿನದ ಬೇರೆ ಬೇರೆ ವೇಳೆಗಳಲ್ಲಿ, ಸಾಧ್ಯವಾದರೆ ಒಂದು ವಾರವಾದರೂ ಪರೀಕ್ಷೆಯನ್ನು ಪುನರಾವರ್ತಿಸಬೇಕು. ಕ್ರೆಡಿಟ್‌ಗಳು ಮುಗಿಯುವಷ್ಟು ದೀರ್ಘವಾದ ಪರೀಕ್ಷೆಯೂ ಇವುಗಳಲ್ಲಿ ಸೇರಿರಬೇಕು. ಸಿದ್ಧ ಮಾನದಂಡಗಳಿಗಿಂತ ಬಳಕೆದಾರರ ಸ್ವಂತ ತಂತ್ರಾಂಶವನ್ನು ನಿಜವಾದ ಹೊರೆಯಡಿ ಓಡಿಸಿ ನೋಡುವುದು ಹೆಚ್ಚು ವಿಶ್ವಾಸಾರ್ಹ.

ಕೊನೆಯಲ್ಲಿ ಫಲಿತಾಂಶವನ್ನು ವೆಚ್ಚದೊಂದಿಗೆ ಹೋಲಿಸಲಾಗುತ್ತದೆ. ಸರ್ವರ್‌ನ ಬಾಡಿಗೆಯಲ್ಲದೆ ಡಿಸ್ಕ್, ಬ್ಯಾಕಪ್ ಮತ್ತು ಹೊರಹೋಗುವ ದತ್ತಾಂಶದ ಶುಲ್ಕಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಒಂದು ರೂಪಾಯಿಗೆ ಎಷ್ಟು ಕೆಲಸ ನಡೆಯಿತು ಎಂಬುದನ್ನು ಕಂಡುಕೊಳ್ಳಲಾಗುತ್ತದೆ.

ಮಿತಿಗಳು

ಯಾವುದೇ ಮೌಲ್ಯಮಾಪನವು ಅದು ನಡೆದ ಕಾಲಕ್ಕೆ ಸೀಮಿತ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಬಹಿರಂಗವಾದಾಗ, ಭದ್ರತೆಗಾಗಿ ಅಳವಡಿಸಿದ ಪರಿಷ್ಕರಣೆಗಳಿಂದ ಕೆಲವು ಬಗೆಯ ಕೆಲಸಗಳ ವೇಗ ಗಮನಾರ್ಹವಾಗಿ ಕುಸಿಯಿತು. ಅದಕ್ಕೂ ಹಿಂದಿನ ಅಳತೆಗಳು ಅಂತಹ ಕೆಲಸಗಳಿಗೆ ಅನ್ವಯಿಸದಾದವು. ಪೂರೈಕೆದಾರರು ಯಂತ್ರಾಂಶವನ್ನು, ಬೆಲೆಗಳನ್ನು ಹಾಗೂ ಮಿತಿಗಳನ್ನು ಆಗಾಗ ಬದಲಿಸುವುದರಿಂದ, ಪರೀಕ್ಷೆಯ ದಿನಾಂಕ, ವಲಯ ಮತ್ತು ಸರ್ವರ್ ಮಾದರಿಗಳನ್ನು ನಮೂದಿಸದ ಹೋಲಿಕೆಗಳಿಗೆ ಹೆಚ್ಚಿನ ಮೌಲ್ಯವಿರುವುದಿಲ್ಲ.